ಹಳೆಯ ಹೋಟೆಲಿನ ಬೆಳ್ಳಿ ಗಿಲೀಟು ಪಾತ್ರೆಗಳು: ಮೂಲವನ್ನರಿಯುವ ಬಗೆ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯು ಬೆಳ್ಳಿಯ ವಿಷಯಕ್ಕೂ ಚೆನ್ನಾಗಿ ಸಲ್ಲುತ್ತದೆ. ಹಳೆಯ ಮನೆಯ ಅಟ್ಟದ ಪೆಟ್ಟಿಗೆಯಲ್ಲಿಯೋ, ಹಳೆಯ ಪಾತ್ರೆಗಳ ಅಂಗಡಿಯಲ್ಲಿಯೋ, ಭಾರವಾದ ಚಮಚ, ಚಹದ ಕೆಟ್ಲಿ, ಸಕ್ಕರೆಯ ಬಟ್ಟಲು ಮೊದಲಾದವು ಒಮ್ಮೊಮ್ಮೆ ಕಣ್ಣಿಗೆ ಬೀಳುವುದುಂಟು. ಅವುಗಳ ಮೇಲೆ ಯಾವುದೋ ಹೋಟೆಲಿನ ಅಥವಾ ರೈಲ್ವೆಯ ಅಕ್ಷರಗಳಿರುತ್ತವೆ. ಒಬ್ಬರು ಅದನ್ನು ಅಪ್ಪಟ ಬೆಳ್ಳಿಯೆಂದು ನಂಬಿ ಮಗಳ ಮದುವೆಗೆಂದು ಕಾದಿಡುತ್ತಾರೆ. ಮತ್ತೊಬ್ಬರು ತಗಡೆಂದು ತಿಳಿದು ತೂಕಕ್ಕೆ ಹಾಕುತ್ತಾರೆ. ಇಬ್ಬರಿಗೂ ನಷ್ಟವೇ. ಆದುದರಿಂದ ಅಂತಹ ಪಾತ್ರೆಗಳ ಹುಟ್ಟನ್ನು ತಿಳಿಯುವ ಬಗೆಯನ್ನು ವಾಚಕರಿಗೆ ತಿಳಿಸಲು ನಾವು ಇಲ್ಲಿ ಯತ್ನಿಸುತ್ತೇವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಬೆಂಗಳೂರಿಗೆ ಸುಮಾರು 50-60 ಕಿಲೋಮೀಟರಿನೊಳಗಿನ ಊರುಗಳು. ಬೆಂಗಳೂರಿನಿಂದ ಹೊರಟ ರೈಲುದಾರಿಯು, ಆಗ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರವನ್ನೂ ಚನ್ನಪಟ್ಟಣವನ್ನೂ ಹಾಯ್ದು 1882ರಲ್ಲಿ ಮೈಸೂರನ್ನು ಮುಟ್ಟಿತು. 1887ರಲ್ಲಿ ಬೆಂಗಳೂರಿನಲ್ಲಿ ಸಣ್ಣ ವಸತಿಗೃಹವಾಗಿ ಆರಂಭವಾದ ವೆಸ್ಟ್ ಎಂಡ್ ಹೋಟೆಲನ್ನು 1912ರಲ್ಲಿ ಮದ್ರಾಸಿನ ಸ್ಪೆನ್ಸರ್ ಕಂಪನಿಯವರು ಕೊಂಡರು. ಇಂತಹ ದೊಡ್ಡ ಹೋಟೆಲುಗಳಲ್ಲಿಯೂ ರೈಲ್ವೆಯ ಉಪಾಹಾರ ಕೊಠಡಿಗಳಲ್ಲಿಯೂ ಮೇಜಿನ ಮೇಲೆ ಬೆಳ್ಳಿ ಗಿಲೀಟಿನ ಸಾಮಾನುಗಳನ್ನಿಡುವುದು ಆ ಕಾಲದ ಮರ್ಯಾದೆ. ಹೋಟೆಲಿನವರು ಹೊಸ ಸಾಮಾನು ತರಿಸಿದಾಗ ಹಳೆಯದು ಹರಾಜಿಗೆ ಹೋಗುತ್ತದೆ. ಹರಾಜಿನಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬರುವುದು ಸಹಜವೇ.

ಗಿಲೀಟಿನ ಪಾತ್ರೆಯೆಂದರೇನು? ಚನ್ನಪಟ್ಟಣದ ಬೊಂಬೆಯನ್ನು ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಬೊಂಬೆಯ ಒಳಗೆ ಆಲೆಯ ಮರ, ಹೊರಗೆ ಅರಗಿನ ಬಣ್ಣ. ಅದರಂತೆಯೇ ಈ ಚಮಚದ ಒಳಗೆ ಅಗ್ಗದ ಲೋಹ, ಹೊರಗೆ ಬೆಳ್ಳಿಯ ತೆಳುವಾದ ಪದರ. ವಿದ್ಯುಚ್ಛಕ್ತಿಯ ಸಹಾಯದಿಂದ ಈ ಪದರವನ್ನು ಕೂಡಿಸುವ ವಿಧಾನಕ್ಕೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ನರು 1840ರಲ್ಲಿ ಪೇಟೆಂಟು ಪಡೆದರು. ಒಳಗಿನ ಲೋಹವು ಬಹುಮಟ್ಟಿಗೆ ನಾವು ಜರ್ಮನ್ ಸಿಲ್ವರ್ ಎಂದು ಕರೆಯುವುದೇ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿ ಬೆಳ್ಳಿಯು ಲವಲೇಶವೂ ಇಲ್ಲ. ಅದು ತಾಮ್ರ, ನಿಕ್ಕಲು, ಸತುವುಗಳ ಮಿಶ್ರಣ.

ಮೂಲವನ್ನು ಹುಡುಕುವವರು ಮೊದಲು ಮನಸ್ಸಿನಲ್ಲಿಡಬೇಕಾದ ಮಾತು ಒಂದೇ: ಮುಖದ ಮೇಲಿನ ಹೆಸರು ಬಳಸಿದವರದು, ಬೆನ್ನಿನ ಮೇಲಿನ ಹೆಸರು ಮಾಡಿದವರದು ಅಥವಾ ಮಾರಿದವರದು. ಇವುಗಳನ್ನು ಬೆರೆಸಿದರೆ ತಪ್ಪು ನಿರ್ಣಯವು ಖಂಡಿತ. ಬೆಂಗಳೂರಿನ ಹೋಟೆಲಿನ ಹೆಸರಿದ್ದ ಮಾತ್ರಕ್ಕೆ ಆ ಕೆಟ್ಲಿಯು ಬೆಂಗಳೂರಿನಲ್ಲಿ ತಯಾರಾಯಿತೆಂದು ಹೇಳಲಾಗದು. ಮದ್ರಾಸಿನ ಪಿ. ಆರ್ ಅಂಡ್ ಸನ್ಸ್‌ನಂತಹ ದೊಡ್ಡ ಅಂಗಡಿಯ ಹೆಸರು ಬೆನ್ನಿನ ಮೇಲಿದ್ದರೆ, ಅದು ಮಾರಿದವರ ಗುರುತೂ ಆಗಿರಬಹುದು.

ಮುಖದ ಮೇಲಿನ ಅಕ್ಷರಗಳಿಂದ ಕಾಲವು ತಿಳಿಯುತ್ತದೆ. ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯು ಆ ಹೆಸರಿನಿಂದ ಏರ್ಪಟ್ಟುದು 1908ರಲ್ಲಿ. 1951ರ ಏಪ್ರಿಲ್ 14ರಂದು ಅದೂ, ಸೌತ್ ಇಂಡಿಯನ್ ರೈಲ್ವೆಯೂ, ಮೈಸೂರು ಸಂಸ್ಥಾನದ ರೈಲ್ವೆಯೂ ಕೂಡಿ ದಕ್ಷಿಣ ರೈಲ್ವೆಯಾದವು. ಆದುದರಿಂದ ‘ಎಂ. ಅಂಡ್ ಎಸ್. ಎಂ.’ ಎಂಬ ಅಕ್ಷರಗಳುಳ್ಳ ಚಮಚವು ಈ ಎರಡು ವರ್ಷಗಳ ನಡುವಿನದೆಂದು ಧೈರ್ಯವಾಗಿ ಹೇಳಬಹುದು.

ಇನ್ನು ಬೆನ್ನನ್ನು ಭೂತಕನ್ನಡಿಯಿಂದ ನೋಡಬೇಕು. ಷೆಫೀಲ್ಡಿನ ವಾಕರ್ ಅಂಡ್ ಹಾಲ್ ಕಂಪನಿಯವರು ಬಾವುಟದೊಳಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಒತ್ತುತ್ತಿದ್ದರು. ಜೇಮ್ಸ್ ಡಿಕ್ಸನ್ನರ ಗುರುತು ಕಹಳೆ. ಎಲ್ಕಿಂಗ್‌ಟನ್ನರು ವರ್ಷವನ್ನು ಸೂಚಿಸುವ ಅಕ್ಷರವೊಂದನ್ನೂ ಸೇರಿಸುತ್ತಿದ್ದರು. ‘ಆರ್‌ಡಿ’ ಎಂಬ ಅಕ್ಷರಗಳೂ ಒಂದು ಸಂಖ್ಯೆಯೂ ಇದ್ದರೆ, ಆ ಮಾದರಿಯನ್ನು ಇಂಗ್ಲೆಂಡಿನಲ್ಲಿ 1884ರಲ್ಲಾಗಲಿ ಅನಂತರವಾಗಲಿ ನೋಂದಾಯಿಸಿದರೆಂದರ್ಥ. ಅದು ಮಾದರಿಯ ಕಾಲವೇ ಹೊರತು ಪಾತ್ರೆಯ ಕಾಲವಲ್ಲ. ಒಂದೇ ಮಾದರಿಯು ಬಹುಕಾಲ ನಡೆಯುವುದುಂಟು.

ಮೋಸಹೋಗುವ ಸ್ಥಳಗಳು ಮುಖ್ಯವಾಗಿ ಮೂರು. ಮೊದಲನೆಯದು, ‘ಇ.ಪಿ.ಎನ್.ಎಸ್.’ ಎಂಬ ಅಕ್ಷರಗಳು. ಇವು ಜರ್ಮನ್ ಸಿಲ್ವರಿನ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ಹಾಕಿದುದೆಂಬುದರ ಸಂಕ್ಷೇಪ. ಕೆಲವರು ಒಂದೊಂದಕ್ಷರವನ್ನೂ ಒಂದೊಂದು ಗುರಾಣಿಯ ಆಕೃತಿಯಲ್ಲಿಟ್ಟು ಅಪ್ಪಟ ಬೆಳ್ಳಿಯ ಮುದ್ರೆಯಂತೆ ಕಾಣುವ ಹಾಗೆ ಮಾಡುತ್ತಿದ್ದರು. ಇಂಗ್ಲೆಂಡಿನ ಅಪ್ಪಟ ಬೆಳ್ಳಿಗೆ ನಡೆಯುವ ಸಿಂಹದ ಮುದ್ರೆಯಿರುತ್ತದೆ. ಎರಡನೆಯದು, ‘ಎ 1’ ಎಂಬ ಗುರುತು. ಇದು ಪದರದ ದರ್ಜೆಯನ್ನು ಹೇಳುವುದೇ ಹೊರತು ಲೋಹದ ಶುದ್ಧತೆಯನ್ನಲ್ಲ. ಮೂರನೆಯದು, ಜರ್ಮನಿಯ ಚಮಚಗಳ ಮೇಲಿನ 90 ಎಂಬ ಅಂಕೆ. ಇದನ್ನು ನೂರಕ್ಕೆ ತೊಂಬತ್ತು ಪಾಲು ಬೆಳ್ಳಿಯೆಂದು ಎಣಿಸುವವರುಂಟು. ನಿಜವಾದ ಅರ್ಥವೆಂದರೆ, ಒಂದು ಡಜನ್ ಊಟದ ಚಮಚ ಮತ್ತು ಒಂದು ಡಜನ್ ಮುಳ್ಳುಚಮಚಗಳಿಗೆ ಒಟ್ಟು 90 ಗ್ರಾಂ ಬೆಳ್ಳಿ ಹಾಕಿದೆ ಎಂಬುದು. ಅಂದರೆ ಒಂದೊಂದಕ್ಕೆ ನಾಲ್ಕು ಗ್ರಾಮಿಗೂ ಕಡಮೆ! 800 ಅಥವಾ 925 ಎಂದಿದ್ದರೆ ಮಾತ್ರ ಸಾವಿರಕ್ಕೆ ಅಷ್ಟು ಪಾಲು ಬೆಳ್ಳಿಯೆಂದು ತಿಳಿಯಬೇಕು.

ಗುರುತುಗಳು ಸವೆದುಹೋಗಿದ್ದರೆ ಸವೆತವೇ ಸಾಕ್ಷಿ. ಚಮಚದ ಬೆನ್ನು ಮೇಜಿಗೆ ತಾಗುವೆಡೆಯಲ್ಲಿ ಹಳದಿ ಛಾಯೆ ಕಂಡರೆ ಒಳಗಿರುವುದು ಜರ್ಮನ್ ಸಿಲ್ವರು. ಕೆಂಪು ಕಂಡರೆ ತಾಮ್ರ. ಅಯಸ್ಕಾಂತವು ಅಂಟಲಿಲ್ಲವೆಂದು ಹಿಗ್ಗಬೇಡಿರಿ. ಜರ್ಮನ್ ಸಿಲ್ವರಿಗೂ ಅದು ಸಾಮಾನ್ಯವಾಗಿ ಅಂಟದು. ಒರೆಗಲ್ಲಿನ ಮೇಲೆ ಮೆಲ್ಲಗೆ ಉಜ್ಜಿದರೆ ಮೇಲಿನ ಬೆಳ್ಳಿಯೇ ಉತ್ತರ ಕೊಡುವುದರಿಂದ, ಸಂಶಯವಿದ್ದಾಗ ನಂಬಿಕೆಯ ಅಕ್ಕಸಾಲಿಗರಿಗೆ ಒಪ್ಪಿಸುವುದೇ ಮೇಲು. ಆಮ್ಲದ ಪರೀಕ್ಷೆಯನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ.

ಗೃಹಿಣಿಯರಿಗೆ ಇನ್ನೊಂದು ಮಾತು. ಇಂತಹ ಪಾತ್ರೆಯನ್ನು ಹುಣಿಸೆಹಣ್ಣು, ಬೂದಿ, ಇಟ್ಟಿಗೆಯ ಪುಡಿಗಳಿಂದ ತಿಕ್ಕಬಾರದು. ತಿಕ್ಕಿದಷ್ಟೂ ಬೆಳ್ಳಿಯೂ ಹೋಗುತ್ತದೆ, ಅದರೊಡನೆ ಗುರುತೂ ಹೋಗುತ್ತದೆ. ಉಗುರುಬೆಚ್ಚನೆಯ ಸಾಬೂನು ನೀರಿನಲ್ಲಿ ತೊಳೆದು ಮೆತ್ತನೆಯ ಬಟ್ಟೆಯಿಂದ ಒರಸಿದರೆ ಸಾಕು. ಪದರವು ಕಿತ್ತು ಒಳಗಿನ ಲೋಹವು ಕಾಣುವ ಪಾತ್ರೆಯಲ್ಲಿ ಹುಳಿ ಪದಾರ್ಥವನ್ನು ಇಡಕೂಡದು. ತಾಮ್ರದ ಕಿಲುಬು ಹೊಟ್ಟೆಗೆ ಹಿತವಲ್ಲ.

ಕೊಳ್ಳುವವರು ಗಿಲೀಟಿಗೆ ಬೆಳ್ಳಿಯ ಬೆಲೆಯನ್ನು ತೆರಬಾರದು. ಮಾರುವವರು ಹೆಸರುಳ್ಳ ಹಳೆಯ ಪಾತ್ರೆಯನ್ನು ಬರಿಯ ತೂಕಕ್ಕೆ ಕೊಡಬಾರದು. ಕರಗಿಸಿದರೆ ಅದರಿಂದ ದೊರೆಯುವ ಬೆಳ್ಳಿ ಅತ್ಯಲ್ಪ. ಉಳಿಸಿಕೊಂಡರೆ ಅದು ನಮ್ಮ ರೈಲುದಾರಿಯ ಕಥೆಯನ್ನೂ, ಯಾರು ಯಾರಿಗೆ ಉಣಬಡಿಸಿದರೆಂಬುದನ್ನೂ ಹೇಳುತ್ತದೆ. ಮನೆಯಲ್ಲಿ ಅಂತಹ ಪಾತ್ರೆಯಿದ್ದರೆ ಅದರ ಗುರುತುಗಳನ್ನೂ ಅದು ಮನೆಗೆ ಬಂದ ಬಗೆಯನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಮುಂದಿನವರಿಗೆ ಆ ಚೀಟಿಯು ಪಾತ್ರೆಯಷ್ಟೇ ಬೆಲೆಯುಳ್ಳದ್ದಾಗುವುದು.