ಮೀಠಿ ನದಿಗೆ ಉಸಿರು ಕಟ್ಟೋದು ಯಾಕೆ?

ಆಂಟಾಪ್ ಹಿಲ್‌ನ ನಮ್ಮ ಸೊಸೈಟಿಯಲ್ಲಿ ಹೋದ ತಿಂಗಳು ಚೇಂಬರ್ ತೆಗೆಸಿದಾಗ ಗೊತ್ತಾಯ್ತು: ಒಂದು ಸಾಲು ಮನೆಗಳ ಬಚ್ಚಲ ನೀರು ಒಳಚರಂಡಿಗೆ ಹೋಗ್ತಾನೇ ಇಲ್ಲ, ಮಳೆನೀರಿನ ಮೋರಿಗೆ ಸೇರ್ತಿದೆ. ಅದರಲ್ಲಿ ನಮ್ಮನೆಯದೂ ಇತ್ತು.

ಕೊಳಚೆಯನ್ನ ಬ್ಯಾಕ್ಟೀರಿಯಾ ತಿನ್ನುತ್ತೆ. ತಿನ್ನೋವಾಗ ನೀರಲ್ಲಿ ಕರಗಿರೋ ಆಮ್ಲಜನಕ ಖರ್ಚಾಗುತ್ತೆ. ಎಷ್ಟು ಬೇಕು ಅನ್ನೋ ಲೆಕ್ಕವೇ ಬಿಒಡಿ. ಸ್ನಾನಕ್ಕೆ ಯೋಗ್ಯವಾದ ನದಿಯಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಮನೆ ಕೊಳಚೆಯಲ್ಲಿ 200ರ ಆಸುಪಾಸು ಇರುತ್ತೆ. ಶುದ್ಧೀಕರಣ ಘಟಕದ ಮುಖ್ಯ ಕೆಲಸ ಇಷ್ಟೇ: ತೊಟ್ಟಿಯಲ್ಲೇ ಗಾಳಿ ಊದಿ, ಆ ಬ್ಯಾಕ್ಟೀರಿಯಾದ ಊಟ ಅಲ್ಲೇ ಮುಗಿಸೋದು. ಇಲ್ಲದಿದ್ರೆ ಊಟ ನದಿಯಲ್ಲಿ ನಡೆಯುತ್ತೆ, ಮೀನಿಗೆ ಉಸಿರು ಉಳಿಯಲ್ಲ.

ಮೋರಿಗೆ ಬಿದ್ದ ನೀರು ಘಟಕದ ಮುಖವನ್ನೇ ನೋಡಲ್ಲ. ನಮ್ಮ ಪಕ್ಕದ ಮೀಠಿಯ ಕಥೆಯೂ ಇದೇ. ವಿಹಾರ್, ಪವಾಯಿ ಕೆರೆಗಳ ಕೋಡಿಯಿಂದ ಮಾಹಿಂ ಖಾಡಿವರೆಗೆ ಸುಮಾರು 18 ಕಿ.ಮೀ.; ಮಳೆಗಾಲ ಬಿಟ್ಟರೆ ಹರಿಯೋದು ಬಹುಪಾಲು ಕೊಳಚೆಯೇ. ಅದಕ್ಕೇ ಬಾಪಟ್ ನಾಲಾ, ಸಫೇದ್ ಪುಲ್ ನಾಲಾಗಳ ಬೇಸಿಗೆ ಹರಿವನ್ನ ಸುರಂಗದಲ್ಲಿ ಧಾರಾವಿ ಘಟಕಕ್ಕೆ ತಿರುಗಿಸೋ ಯೋಜನೆ ಪಾಲಿಕೆಯದು. ಒಳ್ಳೇದೇ, ಆದ್ರೆ ನನ್ನ ಪ್ರಕಾರ ಇದು ಪ್ಯಾಚ್. ಬಗ್ ಇರೋದು ಮನೆ ಪೈಪಿನಲ್ಲಿ.

ಪೈಪ್ ಬದಲಿಸೋಕೆ ಎಲ್ಲರೂ ದುಡ್ಡು ಹಾಕಬೇಕು. ಭಾನುವಾರ ಮೀಟಿಂಗ್. ಮೂರು ಮನೆಯವರು ಈಗಾಗ್ಲೇ "ನಮ್ಮ ಕಡೆ ವಾಸನೆ ಬರಲ್ವಲ್ಲ" ಅಂದಿದ್ದಾರೆ.