ತಾತನ ಕಾರು ಮತ್ತೆ ಓಡಬೇಕಾದರೆ

ಲಾಲ್ ಬಹಾದುರ್ ಶಾಸ್ತ್ರಿಯವರು 1964ರಲ್ಲಿ ಪ್ರಧಾನಿಯಾದಾಗ ಅವರ ಕುಟುಂಬಕ್ಕೆ ಸ್ವಂತ ಕಾರಿರಲಿಲ್ಲ. ಮನೆಯವರ ಆಸೆಗೆ ಒಪ್ಪಿ ಫಿಯೆಟ್ ಕೊಳ್ಳಲು ಹೊರಟರೆ ಅದರ ಬೆಲೆ 12,000 ರೂಪಾಯಿ, ಕೈಯಲ್ಲಿದ್ದುದು 7,000. ಉಳಿದ 5,000 ರೂಪಾಯಿಗೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಲ್ಲಿ ಸಾಲ ಮಾಡಿದರು. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಅವರು ನಿಧನರಾದಾಗ ಸಾಲ ಇನ್ನೂ ಉಳಿದಿತ್ತು. ಪತ್ನಿ ಲಲಿತಾ ಶಾಸ್ತ್ರಿಯವರು ತಮಗೆ ಬರುತ್ತಿದ್ದ ಪಿಂಚಣಿಯಿಂದಲೇ ಅದನ್ನು ತೀರಿಸಿದರು. ಆ ಕಾರನ್ನು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿ ಜೋಪಾನವಾಗಿ ಇಡಲಾಗಿದೆ.

ಪ್ರಧಾನಿಯ ಮನೆಯಲ್ಲೇ ಹೀಗಿದ್ದರೆ ಉಳಿದವರ ಮಾತೇನು? ಮುಂಬೈನ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯೆಟ್‌ಗಾಗಿ ಜನ ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ಅದೇ ಮುಂದೆ 'ಪ್ರೀಮಿಯರ್ ಪದ್ಮಿನಿ' ಎನಿಸಿತು. ಹಾಗೆ ಮನೆಗೆ ಬಂದ ಕಾರು ಮದುವೆಗೂ ಹೆರಿಗೆಗೂ ಜಾತ್ರೆಗೂ ಓಡಿ, ಕೊನೆಗೆ ಟಾರ್ಪಾಲು ಹೊದ್ದು ಶೆಡ್ಡಿನ ಮೂಲೆಯಲ್ಲಿ ನಿಂತಿರುವುದುಂಟು. ಗುಜರಿಗೆ ಹಾಕಲು ಮನಸ್ಸು ಬಾರದು. 'ಒಂದು ದಿನ ಇದನ್ನು ಸರಿಮಾಡಿಸಬೇಕು' ಎಂಬ ಮಾತು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗಳಿಗೆ ದಾಟುತ್ತದೆ. ಆ ದಿನ ಬಂದಾಗ ಉತ್ಸಾಹದಲ್ಲಿ ಆಗುವ ಮೊದಲ ತಪ್ಪು, ಹೊಸ ಬ್ಯಾಟರಿ ಜೋಡಿಸಿ ಕೀ ತಿರುಗಿಸುವುದು!

ಅವಸರವೇ ಶತ್ರು

ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಗೆ ಅಂಟಿದ್ದ ಎಣ್ಣೆಯ ಪದರ ಕೆಳಗಿಳಿದಿರುತ್ತದೆ. ತೇವಾಂಶ ಸೇರಿ ತುಕ್ಕು ಹಿಡಿದು, ಪಿಸ್ಟನ್ ರಿಂಗುಗಳು ಗೋಡೆಗೆ ಕಚ್ಚಿಕೊಂಡಿರಬಹುದು. ಬಲವಂತವಾಗಿ ತಿರುಗಿಸಿದರೆ ರಿಂಗು ಮುರಿಯುತ್ತದೆ, ಗೋಡೆಗೆ ಗೀರು ಬೀಳುತ್ತದೆ. ಆದ್ದರಿಂದ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದಲ್ಲಿ ತೆಳು ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಬಳಿಕ ಕೈಯಿಂದ ನಿಧಾನವಾಗಿ ತಿರುಗಿಸಿ ನೋಡಬೇಕು.

ಟ್ಯಾಂಕಿನ ಹಳೆಯ ಪೆಟ್ರೋಲು ಆವಿಯಾಗಿ, ಉಳಿದದ್ದು ಅಂಟಾಗಿ ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವುದರಿಂದ ಬ್ರೇಕಿನ ಒಳಭಾಗಗಳೂ ತುಕ್ಕು ಹಿಡಿದಿರುತ್ತವೆ. ಓಡುವ ಕಾರಿಗಿಂತ ನಿಲ್ಲುವ ಕಾರು ಮುಖ್ಯ. ಬ್ರೇಕು ಪೂರ್ತಿ ಸರಿಯಾಗುವವರೆಗೆ ಕಾರು ಶೆಡ್ಡಿನಿಂದ ಹೊರಬರಕೂಡದು.

ತುಕ್ಕಿನ ಪಾಠ

ಕಬ್ಬಿಣ, ನೀರು ಮತ್ತು ಆಮ್ಲಜನಕ ಸೇರಿದರೆ ತುಕ್ಕು ಎಂಬುದು ಶಾಲೆಯ ಪಾಠ. ಅಲ್ಯೂಮಿನಿಯಮ್ಮಿನ ಆಕ್ಸೈಡು ಬಿಗಿಯಾದ ಪದರವಾಗಿ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ; ಉಬ್ಬಿ, ಬಣ್ಣವನ್ನು ಎಬ್ಬಿಸಿ, ಪುಡಿಯಾಗಿ ಉದುರುತ್ತದೆ, ಒಳಗಿನ ಕಬ್ಬಿಣ ಮತ್ತೆ ಬಯಲಾಗುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದರ ವೇಗ ಹೆಚ್ಚು. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಹಣ ವ್ಯರ್ಥ.

ಕಬ್ಬಿಣದ ಸಣ್ಣ ಭಾಗಗಳ ತುಕ್ಕನ್ನು ವಿದ್ಯುದ್ವಿಭಜನೆಯಿಂದ ತೆಗೆಯಬಹುದು. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ವಾಷಿಂಗ್ ಸೋಡಾ ಬೆರೆಸಿ, ತುಕ್ಕು ಹಿಡಿದ ಭಾಗವನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೆ, ಹಳೆಯ ಕಬ್ಬಿಣದ ತುಂಡನ್ನು ಧನ ತುದಿಗೆ ಜೋಡಿಸುತ್ತಾರೆ. ಆದರೆ ಆಗ ಹೊರಡುವ ಜಲಜನಕ ಬೆಂಕಿ ಹಿಡಿಯುವ ಅನಿಲ. ಬಯಲಿನಲ್ಲಿ, ಹಿರಿಯರ ಎದುರಿನಲ್ಲೇ ಮಾಡಬೇಕು. ಸ್ಟೇನ್‌ಲೆಸ್ ಸ್ಟೀಲ್ ಬಳಸಲೇಬಾರದು. ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಸೇರಬಹುದು.

ಮತ್ತೊಂದು ಎಚ್ಚರಿಕೆ ಇಂಧನದ್ದು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಕೊಳವೆಗಳನ್ನು ಕೆಡಿಸಬಲ್ಲದು, ತೇವವನ್ನೂ ಹೀರುತ್ತದೆ. ಕೊಳವೆಗಳನ್ನು ಬದಲಾಯಿಸುವುದು ಕ್ಷೇಮ.

ಪೋಷಕರ ಗಮನಕ್ಕೆ

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಕಾರು ಮೂಲ ಸ್ವರೂಪದಲ್ಲೇ ಇರಬೇಕೆಂಬುದು ಅದರ ಷರತ್ತು. ಚೆಂದಕ್ಕೆಂದು ಬೇರೆ ಎಂಜಿನ್ ಕೂರಿಸಿದರೆ, ಬಾಡಿ ಬದಲಿಸಿದರೆ ಆ ಅವಕಾಶ ಕೈತಪ್ಪೀತು. ಈ ನೋಂದಣಿ ಪಡೆದ ಕಾರನ್ನು ಪ್ರದರ್ಶನ, ರ‍್ಯಾಲಿಯಂಥ ಸಂದರ್ಭಗಳಲ್ಲಿ ಮಾತ್ರ ಓಡಿಸಬಹುದು; ದಿನನಿತ್ಯದ ಓಡಾಟಕ್ಕಲ್ಲ. ಟಿಂಕರಿಂಗ್ ಮತ್ತು ಬಣ್ಣದ ಖರ್ಚು ಕಾರಿನ ಬೆಲೆಯನ್ನೇ ಮೀರುವುದುಂಟು. ಲಾಭದ ಲೆಕ್ಕ ಹಾಕುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಮಕ್ಕಳಿಗೂ ಇದರಲ್ಲಿ ಪಾಲಿದೆ. ಬಿಚ್ಚುವ ಮುನ್ನ ಪ್ರತಿ ಭಾಗದ ಚಿತ್ರ ತೆಗೆಯುವುದು, ನಟ್ಟು ಬೋಲ್ಟುಗಳನ್ನು ಡಬ್ಬಿಯಲ್ಲಿ ಹಾಕಿ ಚೀಟಿ ಅಂಟಿಸುವುದು, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅವರ ಕೆಲಸವಾಗಲಿ.

ಕೆಲಸ ಮುಗಿಯಲು ಒಂದೆರಡು ವರ್ಷ ಹಿಡಿದರೂ ಚಿಂತೆಯಿಲ್ಲ. ಆದರೆ ಆರಂಭಕ್ಕೆ ತಡ ಬೇಡ. ಸ್ಟೀರಿಂಗಿನ ಪಕ್ಕದ ಆ ಗೇರನ್ನು ಹೇಗೆ ಹಾಕಬೇಕು, ಚಳಿಗಾಲದ ಬೆಳಗ್ಗೆ ಚೋಕ್ ಎಷ್ಟು ಎಳೆಯಬೇಕು ಎಂಬುದು ತಾತನಿಗೆ ಗೊತ್ತು. ಬಿಡಿಭಾಗಗಳು ಮುಂದೆಯೂ ಎಲ್ಲಾದರೂ ಸಿಕ್ಕಾವು. ತಾತ ಪಕ್ಕದ ಸೀಟಿನಲ್ಲಿ ಕುಳಿತು ಹೇಳಿಕೊಡುವ ಕಾಲ ಮಾತ್ರ ಮತ್ತೆ ಸಿಗುವುದಿಲ್ಲ.