ಒತ್ತಕ್ಷರಕ್ಕೂ ಬೆನ್ನಲ್ಲಿ ಜಾಗ ಬೇಕು

ಸುರಪುರ ಸೀಮೆಯ ಕೊಡೇಕಲ್ಲ ಬಸವಣ್ಣನವರು 16ನೇ ಶತಮಾನದ ಕಾಲಜ್ಞಾನಿ. ಅವರ ಪರಂಪರೆಯ ವಚನಗಳು ‘ಅಮರಗನ್ನಡ’ ಎಂಬ ಗೂಢಲಿಪಿಯ ಹಸ್ತಪ್ರತಿಗಳಲ್ಲಿ ಉಳಿದುಬಂದವು. ಅಂಥ ಬರಹ ಅಚ್ಚಾಗಿ ಗ್ರಂಥಾಲಯದ ಕಪಾಟು ಸೇರಿದಾಗ ಓದುಗನ ಕಣ್ಣಿಗೆ ಮೊದಲು ಬೀಳುವುದು ಪುಸ್ತಕದ ಬೆನ್ನು.

ತಾಳೆಗರಿ ಕಟ್ಟಿಗೆ ಬೆನ್ನೇ ಇರಲಿಲ್ಲ. ಎರಡು ಹಲಗೆ, ನಡುವೆ ಗರಿ, ಒಂದು ದಾರ. ಅದೇ 16ನೇ ಶತಮಾನದ ಯುರೋಪಿನಲ್ಲೂ ಎಷ್ಟೋ ಕಡೆ ಪುಸ್ತಕದ ಬೆನ್ನು ಗೋಡೆಯ ಕಡೆಗಿರುತ್ತಿತ್ತು. ಪುಸ್ತಕಗಳು ಹೆಚ್ಚಿದಂತೆ ಬೆನ್ನು ಹೊರಗೆ ತಿರುಗಿತು, ಅದರ ಮೇಲೆ ಹೆಸರು ಬಂತು. ಕನ್ನಡಕ್ಕೆ ಇದು ಅಚ್ಚಿನ ಜೊತೆ ಬಂದದ್ದು: 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಮಿಷನರಿ ಕೇರಿಯವರ ಕನ್ನಡ ವ್ಯಾಕರಣ, 1894ರಲ್ಲಿ ಮಂಗಳೂರಿನಲ್ಲಿ ಕಿಟೆಲ್ ನಿಘಂಟು.

ಆದರೆ ಬೆನ್ನ ಮೇಲೆ ಕನ್ನಡ ಕೂರಿಸುವುದು ಸುಲಭವಲ್ಲ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದವು. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. 200 ಪುಟದ ಪುಸ್ತಕದ ಬೆನ್ನು ಸುಮಾರು 1 ಸೆಂ.ಮೀ.; ಮಡಿಕೆಗಳಿಗೆ ಬಿಟ್ಟರೆ ಉಳಿಯುವುದು 7 ಮಿ.ಮೀ. ಅದರಲ್ಲಿ ‘ಕೊಡೇಕಲ್ಲ ಬಸವಣ್ಣ’ ಎಂದು ಅಡ್ಡಲಾಗಿ ಬರೆದು ತಿರುಗಿಸಿ ನೋಡಿ. ‘ಲ್ಲ’, ‘ಣ್ಣ’ಗಳ ಒತ್ತಿಗೆ ಜಾಗ ಕೊಡಲು ‘ಬ’, ‘ಸ’, ‘ವ’ ಕೂಡ ಕುಗ್ಗಬೇಕು. ಕಂಪ್ಯೂಟರ್ ಒತ್ತನ್ನೂ ಸೇರಿಸಿ ನಡುಮಧ್ಯ ಹುಡುಕುತ್ತದೆ. ಆದರೆ ಎರಡೇ ಅಕ್ಷರಕ್ಕೆ ಒತ್ತು ಇರುವುದರಿಂದ ಇಡೀ ಸಾಲು ಒಂದು ಅಂಚಿಗೆ ಸರಿದಂತೆ ಕಾಣುತ್ತದೆ. ಅದನ್ನು ಕಣ್ಣಳತೆಯಲ್ಲೇ ಸರಿಪಡಿಸಬೇಕು. ಮುಖಪುಟಕ್ಕೆ ದಿನಗಟ್ಟಲೆ ದುಡಿಯುವವರು ಈ ಅರ್ಧ ಮಿಲಿಮೀಟರಿಗೂ ಒಂದಿಷ್ಟು ಹೊತ್ತು ಕೊಡಬೇಕು.

ಅಂಗಡಿ ಬೋರ್ಡಿನಂತೆ ಅಕ್ಷರದ ಕೆಳಗೆ ಅಕ್ಷರ ಪೇರಿಸಿದರೆ? ‘ಕೊ’ ಅಗಲ, ‘ಬ’ ಕಿರಿದು, ‘ಲ್ಲ’ದ ಒತ್ತು ಕೆಳಗಿನ ಅಕ್ಷರದ ತಲೆಗೆ ತಾಗುತ್ತದೆ. ಕನ್ನಡ ತಿಳಿಯದ ತಂತ್ರಾಂಶವಾದರೆ ‘ಕ’ವನ್ನೂ ಅದರ ಸ್ವರಚಿಹ್ನೆಯನ್ನೂ ಬೇರೆಬೇರೆ ಸಾಲಿಗೆ ಹಾಕಿಬಿಡುತ್ತದೆ. ಪೇರಿಸುವುದು ಕನ್ನಡಕ್ಕೆ ಒಗ್ಗದು ಎಂದೇ ನನ್ನ ನಂಬಿಕೆ. ಭೈರಪ್ಪನವರ ‘ಪರ್ವ’ದಂಥ (1979) ಎರಡಕ್ಷರದ ದಪ್ಪ ಪುಸ್ತಕವಾದರೆ ಹೆಸರನ್ನು ತಿರುಗಿಸದೆ ನೇರವಾಗಿಯೇ ಬರೆಯಬಹುದು. ಎಲ್ಲ ಕೃತಿಗೂ ಆ ಭಾಗ್ಯವಿಲ್ಲ.

ತಿರುಗಿಸುವುದಾದರೆ ಯಾವ ಕಡೆಗೆ? ಫ್ರೆಂಚರು ಕೆಳಗಿನಿಂದ ಮೇಲಕ್ಕೆ ಬರೆಯುತ್ತಾರೆ, ಇಂಗ್ಲಿಷರು ಮೇಲಿನಿಂದ ಕೆಳಕ್ಕೆ. ಎರಡನೆಯದೇ ನಮಗೂ ಮೇಲು: ಮುಖಪುಟ ಮೇಲಾಗಿ ಪುಸ್ತಕ ಮಲಗಿಸಿದಾಗ ಬೆನ್ನಿನ ಹೆಸರು ನೆಟ್ಟಗೆ ಓದಿಸಿಕೊಳ್ಳುತ್ತದೆ.

ಇನ್ನು ಗ್ರಂಥಾಲಯದ ವರ್ಗಸಂಖ್ಯೆಯ ಚೀಟಿ. ಅದನ್ನು ಅಂಟಿಸುವುದು ಬೆನ್ನಿನ ಬುಡಕ್ಕೆ, ಲೇಖಕರ ಹೆಸರಿದ್ದರೆ ಅದರ ಮೇಲೇ. ಪ್ರಕಾಶಕರು ಕೆಳಗೆ 4 ಸೆಂ.ಮೀ. ಖಾಲಿ ಬಿಟ್ಟು ಲೇಖಕರ ಹೆಸರನ್ನು ಮೇಲಕ್ಕೆ ತರಬೇಕು. ಪಿನ್ ಹೊಡೆದ ತೆಳು ಪುಸ್ತಿಕೆಗಳಿಗೆ ಬೆನ್ನೇ ಇಲ್ಲ; ದಪ್ಪ ಸಂಪುಟಗಳ ನಡುವೆ ಸಿಕ್ಕಿದರೆ ಅವು ಹುಡುಕಿದರೂ ಸಿಗುವುದಿಲ್ಲ. ವಚನ, ಕಾಲಜ್ಞಾನ, ತತ್ವಪದದ ಪುಸ್ತಕ ನೂರು ಪುಟ ಮುಟ್ಟುವಂತಿದ್ದರೆ ಪಿನ್ ಬಿಟ್ಟು ಅಂಟಿನ ಬೈಂಡಿಂಗ್ ಮಾಡಿಸಲಿ, ಬೆನ್ನ ಮೇಲೆ ಹೆಸರು ಹಾಕಿಸಲಿ.